ಹತ್ತಿ ಫೋಟೊಗೆ ಯಾವ ಗೋಡೆ?

ರಾಯಚೂರಿನಲ್ಲಿ ದೊಡ್ಡ ಸೈಜಿನ ಕಪ್ಪು-ಬಿಳುಪು ಫೋಟೊ ಹಿಡಿದುಕೊಂಡು ಕಟ್ಟು ಹಾಕಿಸಲು ಹೋದರೆ ಅಂಗಡಿಯವರು ಕೇಳುವ ಮೊದಲ ಪ್ರಶ್ನೆ, "ಯಾರು ತೀರ್ಕೊಂಡ್ರಿ ಅಕ್ಕಾ?" ಅವರದೇನೂ ತಪ್ಪಿಲ್ಲ. ಅಂಗಡಿ ತುಂಬ ಲಕ್ಷ್ಮಿ, ವೆಂಕಟೇಶ್ವರ, ಮಂತ್ರಾಲಯದ ರಾಯರು, ಮೆಕ್ಕಾ ಮದೀನಾ. ಅಲ್ಲಿಗೆ ಬಣ್ಣವಿಲ್ಲದ ಫೋಟೊ ಬಂತೆಂದರೆ ಯಾರದೋ ಮನೆಯಲ್ಲಿ ಅವಸರ ಇದೆ ಅಂತಲೇ ಲೆಕ್ಕ. ನನ್ನ ಫೋಟೊದಲ್ಲಿ ಇದ್ದದ್ದು ಹತ್ತಿಯ ರಾಶಿ, ಅದರ ಮುಂದೆ ಬೆನ್ನು ತಿರುಗಿಸಿ ಕೂತ ಹೆಂಗಸರು. "ಇದಕ್ಕ ಕಟ್ಟು ಯಾಕ್ರಿ?" ಅಂದರು. ಪ್ರದರ್ಶನಕ್ಕೆ ಅಂದೆ. "ಎಲ್ಲಿ?" ಅಂದರು.

ಅದನ್ನೇ ಈಗ ಸಿಂಧನೂರು, ಮಾನ್ವಿ, ಗಂಗಾವತಿ ಕಡೆಯ ಹುಡುಗರೂ ಕೇಳುತ್ತಿದ್ದಾರೆ. ಮದುವೆ ಫೋಟೊ ತೆಗೆಯುವವರು, ಡ್ರೋನ್ ಹಾರಿಸುವವರು. "ಅಕ್ಕಾ, ನಮ್ಮ ಫೋಟೊನೂ ಎಲ್ಲೆರ ಪ್ರದರ್ಶನಕ್ಕ ಇಡಬೇಕು, ದಾರಿ ಹೇಳ್ರಿ." ಒಬ್ಬೊಬ್ಬರಿಗೂ ವಾಟ್ಸಾಪ್‌ನಲ್ಲಿ ವಾಯ್ಸ್ ನೋಟ್ ಕಳಿಸಿ ಸಾಕಾಗಿದೆ. ಇಲ್ಲೇ ಒಂದೇ ಸಲ ಬರೆದುಬಿಡುತ್ತೇನೆ.

ನಾನು ಇಲ್ಲಿನ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ, ಅಂದರೆ ಹತ್ತಿಯಿಂದ ಕಾಳು ಬಿಡಿಸುವ ಮಿಲ್ಲಿನಲ್ಲಿ, ಲೆಕ್ಕ ಬರೆಯುವವಳು. ಕೃಷ್ಣಾ, ತುಂಗಭದ್ರಾ ನಡುವಿನ ಎರೆ ಹೊಲಗಳ ಹತ್ತಿ ದೀಪಾವಳಿ ಆಸುಪಾಸಿಗೆ ಮಾರ್ಕೆಟ್ಟಿಗೆ ಬರಲು ಶುರುವಾದರೆ ಸಂಕ್ರಾಂತಿ ದಾಟಿದರೂ ಮಿಲ್ಲಿಗೆ ಬಿಡುವಿಲ್ಲ. 100 ಕೆಜಿ ಹತ್ತಿ ಜಿನ್ನಿಗೆ ಹಾಕಿದರೆ ಅರಳೆ ಸಿಗುವುದು 33-34 ಕೆಜಿ. ಉಳಿದದ್ದರಲ್ಲಿ ಕಾಳೇ ಜಾಸ್ತಿ, ಒಂದಿಷ್ಟು ಕಸ. ಅರಳೆಯನ್ನು ಪ್ರೆಸ್ಸಿನಲ್ಲಿ ಒತ್ತಿ 170 ಕೆಜಿಯ ಬೇಲ್ ಕಟ್ಟುತ್ತಾರೆ. ಇದೆಲ್ಲ ನನ್ನ ಕಂಪ್ಯೂಟರ್‌ನಲ್ಲಿ ಇರುತ್ತದೆ. ಕಂಪ್ಯೂಟರ್‌ಗೆ ಹೋಗದ್ದು ಕಿಟಕಿಯ ಆಚೆ ಕಾಣುತ್ತದೆ. ಗಾಳಿಯಲ್ಲಿ ತೇಲುವ ನಾರು, ರೆಪ್ಪೆಯ ಮೇಲೆ ಕೂತ ಧೂಳು, ಸೆರಗನ್ನು ಮೂಗಿಗೆ ಸುತ್ತಿಕೊಂಡು ಕಸ ಆರಿಸುವ ಹೆಂಗಸರು. ಊಟದ ಬಿಡುವಿನಲ್ಲಿ ಕ್ಯಾಮೆರಾ ಹಿಡಿದೆ, ಆಮೇಲೆ ಬಿಡಲು ಆಗಲಿಲ್ಲ. ಕಪ್ಪು-ಬಿಳುಪು ಯಾಕೆ ಅಂತ ಕೇಳುತ್ತಾರೆ. ಅಲ್ಲಿ ಬಣ್ಣದ ಸೀರೆಗಳೂ ಮಧ್ಯಾಹ್ನದ ಹೊತ್ತಿಗೆ ಬೆಳ್ಳಗಾಗಿರುತ್ತವೆ, ಅದಕ್ಕೇ.

ಹೆಚ್ಚಿನವರು ಮೊದಲು ಕಾಲಿಡುವುದು ಸಲಾನ್‌ಗಳಿಗೆ, ಅಂದರೆ ಫೋಟೊ ಕ್ಲಬ್ಬುಗಳು ನಡೆಸುವ ಸ್ಪರ್ಧೆಗಳಿಗೆ. ನಾನೂ ಅಲ್ಲಿಂದಲೇ ಶುರು ಮಾಡಿದೆ. ಫಿಯಾಪ್ ಅಂತ ಒಂದು ಅಂತರರಾಷ್ಟ್ರೀಯ ಒಕ್ಕೂಟ 1950ರಿಂದ ಇದೆ. ನಮ್ಮ ದೇಶದ್ದು ಎಫ್‌ಐಪಿ, 1953ರದ್ದು. ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿಗೆ 1971ರಿಂದಿನ ಇತಿಹಾಸ ಇದೆ. ಇಂಥ ಕ್ಲಬ್ಬುಗಳು ಒಕ್ಕೂಟಗಳ ಮಾನ್ಯತೆ ಪಡೆದು ಸಲಾನ್ ನಡೆಸುತ್ತವೆ. ಮೋನೊಕ್ರೋಮ್, ಕಲರ್, ನೇಚರ್, ಟ್ರಾವೆಲ್ ಅಂತ ವಿಭಾಗಗಳು. ವಿಭಾಗಕ್ಕೆ ಇಂತಿಷ್ಟು ಅಂತ ಫೀಸು. ಮನೆಯಲ್ಲೇ ಕೂತು ಅಪ್‌ಲೋಡ್ ಮಾಡಬಹುದು. ತೀರ್ಪುಗಾರರು ಅಂಕ ಹಾಕುತ್ತಾರೆ, ಕಟ್ ಆಫ್ ದಾಟಿದರೆ ಅಕ್ಸೆಪ್ಟೆನ್ಸ್, ಅಂದರೆ ಫೋಟೊ ಆಯ್ಕೆಯಾದಂತೆ. ಅವು ಬೇರೆ ಬೇರೆ ದೇಶಗಳಿಂದ ಸಾಕಷ್ಟು ಸೇರಿದ ಮೇಲೆ ಹೆಸರಿನ ಪಕ್ಕ ಫಿಯಾಪ್ ಬಿರುದುಗಳಾದ ಎಎಫ್‌ಐಎಪಿ, ಇಎಫ್‌ಐಎಪಿ ಅಂತ ಹಾಕಿಕೊಳ್ಳಬಹುದು.

ಈ ದಾರಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಪಕ್ಕದ ಬಳ್ಳಾರಿ ಜಿಲ್ಲೆಯ ಸಂಡೂರಿನ ರಾಜಮನೆತನದ ಎಂ.ವೈ. ಘೋರ್ಪಡೆಯವರು ರಾಜ್ಯದ ಹಣಕಾಸು ಮಂತ್ರಿಯೂ ಆಗಿದ್ದರು, ಕಾಡುಪ್ರಾಣಿಗಳ ಕಪ್ಪು-ಬಿಳುಪು ಫೋಟೊಗಳಿಂದ ಹೊರದೇಶಗಳಲ್ಲೂ ಹೆಸರು ಮಾಡಿದ್ದರು. ಆ ಕಾಲದಲ್ಲಿ ಸಲಾನ್ ಅಂದರೆ ಪ್ರಿಂಟ್ ಮಾಡಿ, ರಟ್ಟಿನ ನಡುವೆ ಇಟ್ಟು, ಅಂಚೆಯಲ್ಲಿ ಕಳಿಸಬೇಕು. ವಾಪಸ್ ಬರುವಾಗ ಹಿಂಬದಿಯಲ್ಲಿ ಆ ಊರಿನ ಸ್ಟಿಕ್ಕರ್ ಅಂಟಿರುತ್ತಿತ್ತು. ಅಂದರೆ ಒಂದು ಒಳ್ಳೆಯ ಪ್ರಿಂಟ್ ಮಾಡಲೇಬೇಕಿತ್ತು. ಈಗ ಫೈಲ್ ಹೋಗುತ್ತದೆ, ಫೈಲ್ ಪರದೆಯ ಮೇಲೆ ಕೆಲವು ಸೆಕೆಂಡು ನಿಲ್ಲುತ್ತದೆ, ಸರ್ಟಿಫಿಕೇಟೂ ಪಿಡಿಎಫ್ ಆಗಿ ಬರುತ್ತದೆ. ಕಾಗದದ ಮುಖವನ್ನೇ ನೋಡದೆ ನೂರಾರು ಅಕ್ಸೆಪ್ಟೆನ್ಸ್ ಗಳಿಸಬಹುದು.

ನನ್ನ ಹತ್ತಿ ಫೋಟೊಗಳಲ್ಲಿ ಸಲಾನ್ ದಾಟಿದ್ದು ಯಾವುದು ಗೊತ್ತಾ? ಶೀಟಿನ ತೂತಿನಿಂದ ಬಿಸಿಲಿನ ಕೋಲು ಇಳಿದು, ಅದರ ಕೆಳಗೆ ಒಬ್ಬ ಹಮಾಲಣ್ಣ ನಿಂತದ್ದು. ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಬೆನ್ನುಗಳ ಫೋಟೊ ಮಾತ್ರ ಪ್ರತಿ ಸಲ ಬಿತ್ತು. ಕೆಲವೇ ಸೆಕೆಂಡಿನಲ್ಲಿ ಬೆನ್ನು ಏನನ್ನೂ ಹೇಳುವುದಿಲ್ಲ. ಅದಕ್ಕೆ ಅಕ್ಕಪಕ್ಕದಲ್ಲಿ ಇನ್ನೂ ಏಳೆಂಟು ಫೋಟೊ ಬೇಕು, ನೋಡುವವರಿಗೆ ಹಿಂದೆ ಹೋಗಿ ಮುಂದೆ ಬರಲು ಜಾಗ ಬೇಕು.

ಈ ಅಕ್ಕಪಕ್ಕದ ಮಾತಿಗೆ ನಮ್ಮ ಕಡೆಯದೇ ಒಂದು ಉದಾಹರಣೆ ಇದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪಿಗೆ ಬಂದು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ ಅಲ್ಲಿನ ಗುಡಿ, ಮಂಟಪಗಳ ಫೋಟೊ ತೆಗೆದ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅವೇ ಜಾಗಗಳನ್ನು ಹುಡುಕಿ, ಗ್ರೀನ್‌ಲಾ ನಿಂತಲ್ಲೇ ನಿಂತು ಮತ್ತೆ ತೆಗೆದರು. ಒಂದೊಂದೇ ನೋಡಿದರೆ ಒಂದು ಹಳೇ ಫೋಟೊ, ಒಂದು ಹೊಸ ಫೋಟೊ, ಅಷ್ಟೇ. ಜೋಡಿಯಾಗಿ ಇಟ್ಟಾಗ ಕಣ್ಣು ತಾನೇ ಲೆಕ್ಕ ಹಾಕಲು ಶುರು ಮಾಡುತ್ತದೆ. ಯಾವುದು ಬಿತ್ತು, ಯಾವುದನ್ನು ಎತ್ತಿ ನಿಲ್ಲಿಸಿದರು, ಗಿಡ ಎಲ್ಲಿಗೆ ಬಂತು. ಇಂಥದ್ದಕ್ಕೆ ಸ್ಪರ್ಧೆಯಲ್ಲಿ ಜಾಗ ಇಲ್ಲ, ಗೋಡೆಯ ಮೇಲೆ ಇದೆ.

ಗೋಡೆ ಅಂದರೆ ಎಲ್ಲರ ಕಣ್ಣೂ ಬೆಂಗಳೂರಿನ ಕಡೆಗೆ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತು 1960ರದ್ದು, ಅಲ್ಲಿ ಗ್ಯಾಲರಿ ಬಾಡಿಗೆಗೆ ಸಿಗುತ್ತದೆ. ಅದೇ ರಸ್ತೆಯಲ್ಲಿ ವರ್ಷಕ್ಕೊಮ್ಮೆ ಚಿತ್ರಸಂತೆ. ಕಸ್ತೂರಬಾ ರಸ್ತೆಯಲ್ಲಿ ವೆಂಕಟಪ್ಪ ಆರ್ಟ್ ಗ್ಯಾಲರಿ. ಎಂ.ಜಿ. ರಸ್ತೆಯ ಮೆಟ್ರೊ ನಿಲ್ದಾಣದ ಕೆಳಗೆ 2013ರಲ್ಲಿ ರಂಗೋಲಿ ಕಲಾ ಕೇಂದ್ರ ಬಂತು. 1964ರಿಂದ ಇರುವ ಲಲಿತಕಲಾ ಅಕಾಡೆಮಿಯ ಪ್ರಕಟಣೆಗಳ ಮೇಲೂ ಒಂದು ಕಣ್ಣಿಡಿ. ಕಸ್ತೂರಬಾ ರಸ್ತೆಯಲ್ಲೇ 2023ರಲ್ಲಿ ತೆರೆದ ಮ್ಯಾಪ್ ಮ್ಯೂಸಿಯಂ ಇದೆ, ಹೆಸರಿನಲ್ಲೇ ಫೋಟೊಗ್ರಫಿ ಇರುವಂಥದ್ದು. ಅಲ್ಲಿ ನಿಮ್ಮ ಫೋಟೊ ಇಡಬಹುದು ಅಂತ ಹೇಳುತ್ತಿಲ್ಲ. ಪ್ರಿಂಟ್ ಹೇಗಿರುತ್ತದೆ, ಎಷ್ಟು ಅಂತರ ಬಿಟ್ಟು ತೂಗುಹಾಕುತ್ತಾರೆ, ದೀಪ ಎಲ್ಲಿಂದ ಬೀಳುತ್ತದೆ, ಇದನ್ನು ನೋಡಲು ಹೋಗಿ. ಯೂಟ್ಯೂಬ್‌ನಲ್ಲಿ ಇದು ಬರುವುದಿಲ್ಲ.

ಬಾಡಿಗೆ ಗ್ಯಾಲರಿಯ ಬಗ್ಗೆ ಒಂದು ಮಾತು. ಬಾಡಿಗೆ, ಪ್ರಿಂಟು, ಕಟ್ಟು, ಸಾಗಾಣಿಕೆ, ಅಲ್ಲಿ ಉಳಿಯುವ ಖರ್ಚು ಎಲ್ಲ ನಿಮ್ಮದೇ. ನಾವು ಮೂವರು ಸೇರಿ ಒಂದು ಸಲ ಹಂಚಿಕೊಂಡು ಮಾಡಿದೆವು. ಬಂದವರಲ್ಲಿ ಮುಕ್ಕಾಲು ಪಾಲು ಬೇರೆ ಫೋಟೊಗ್ರಾಫರ್‌ಗಳು. "ಯಾವ ಲೆನ್ಸು ಮೇಡಂ?" ಅಂತ ಕೇಳಿ ಮುಂದೆ ಹೋದರು. ದುಡ್ಡು ಹೋಯಿತು ಅಂತ ಬೇಜಾರಿಲ್ಲ. ಆದರೆ ಸಾಲ ಮಾಡಿ ಮಾಡುವಂಥದ್ದೂ ಅಲ್ಲ.

ನಮ್ಮ ರಾಯಚೂರಿಗೆ ಹೈದರಾಬಾದೇ ಹತ್ತಿರ ಅನ್ನುವುದನ್ನು ಹುಡುಗರು ಮರೆಯುತ್ತಾರೆ. ಬೆಂಗಳೂರಿನ ಅರ್ಧ ದೂರ, ರೈಲೂ ಇವೆ. ಅಲ್ಲಿ 2015ರಿಂದ ಇಂಡಿಯನ್ ಫೋಟೊ ಫೆಸ್ಟಿವಲ್ ನಡೆಯುತ್ತಿದೆ, ಮಾದಾಪುರದ ಸ್ಟೇಟ್ ಗ್ಯಾಲರಿ ಆಫ್ ಆರ್ಟ್‌ನಲ್ಲಿ. ಅವರು ಓಪನ್ ಕಾಲ್ ಕರೆಯುತ್ತಾರೆ, ಅಂದರೆ ಯಾರು ಬೇಕಾದರೂ ಫೋಟೊ ಸರಣಿ ಕಳಿಸಬಹುದು. ಅದಕ್ಕಿಂತ ನನಗೆ ಇಷ್ಟವಾದದ್ದು ಪೋರ್ಟ್‌ಫೋಲಿಯೊ ರಿವ್ಯೂ. ಎಡಿಟರ್, ಪ್ರದರ್ಶನಕ್ಕೆ ಫೋಟೊ ಆರಿಸಿ ಜೋಡಿಸುವ ಕ್ಯುರೇಟರ್ ಇಂಥವರ ಎದುರು ಕೂತು ನಿಮ್ಮ ಪ್ರಿಂಟ್‌ಗಳನ್ನು ಮೇಜಿನ ಮೇಲೆ ಹರಡುವುದು. ಅವರು ನಿಮ್ಮೆದುರೇ ಎರಡು ಫೋಟೊ ತೆಗೆದು ಪಕ್ಕಕ್ಕಿಟ್ಟು "ಇವು ಬೇಡ" ಅನ್ನುತ್ತಾರೆ. ಯಾಕೆ ಅಂತಲೂ ಹೇಳುತ್ತಾರೆ. ಸಲಾನ್‌ನಲ್ಲಿ ಅಂಕ ಸಿಗುತ್ತದೆ, ಈ "ಯಾಕೆ" ಸಿಗುವುದಿಲ್ಲ. ಹಿಂದಿ, ಇಂಗ್ಲಿಷು ತಡವರಿಸಿದರೂ ಪರವಾಗಿಲ್ಲ, ಮೇಜಿನ ಮೇಲೆ ಪ್ರಿಂಟ್ ಇದ್ದರೆ ಮಾತು ಅರ್ಧ ಮುಗಿದಂತೆ.

ಚೆನ್ನೈನಲ್ಲಿ 2016ರಲ್ಲಿ ಶುರುವಾದ ಫೋಟೊ ಬಿಯೆನ್ನಾಲೆ, ಅಂದರೆ ಎರಡು ವರ್ಷಕ್ಕೊಮ್ಮೆಯ ಉತ್ಸವ, ಇದೆ. ಅವರ ಒಂದು ಬುದ್ಧಿವಂತಿಕೆ ನನಗೆ ಬಹಳ ಹಿಡಿಸಿತು. ಗ್ಯಾಲರಿಗೆ ಮಾತ್ರ ಕಟ್ಟುಬೀಳದೆ ಲೋಕಲ್ ರೈಲು ನಿಲ್ದಾಣದಲ್ಲೂ ಫೋಟೊ ಹಾಕಿದರು. ಟಿಕೆಟ್ ತೆಗೆದುಕೊಂಡು ಓಡುವವರು ಸುಮ್ನೆ ಒಂದು ಗಳಿಗೆ ನಿಲ್ಲುತ್ತಾರೆ, ಅಲ್ವಾ? ಅವರೂ ಪ್ರೇಕ್ಷಕರೇ.

ಇದನ್ನು ಓದಿದ ಮೇಲೆ ನನಗೆ ರಾಯಚೂರಿನಲ್ಲೇ ಇಡಬೇಕು ಅನ್ನಿಸಿತು. ಊರಿನಲ್ಲಿ ಜಂಬಲದಿನ್ನಿ ರಂಗಮಂದಿರ ಇದೆ. ಅದು ನಾಟಕ, ಸಂಗೀತ, ಸಭೆಗಳ ಜಾಗ. ಫೋಟೊಗೇ ಅಂತ ಒಂದು ಗೋಡೆ ಇಲ್ಲಿ ನನಗೆ ಸಿಗಲಿಲ್ಲ. ಒಂದು ಸಂಘದವರು ತಮ್ಮ ಕಾರ್ಯಕ್ರಮದ ಜೊತೆ ಇಡಿ ಅಂದರು. ಇಟ್ಟೆ. ದೀಪ ಬೆಳಗಿದರು, ಶಾಲು ಹೊದಿಸಿದರು, ಭಾಷಣ ಎರಡು ತಾಸು. ನನ್ನ ಫೋಟೊ ಇದ್ದದ್ದು ಉಪ್ಪಿಟ್ಟಿನ ಪಾತ್ರೆಗಳ ಹಿಂದೆ. ತಟ್ಟೆ ಹಿಡಿದವರು ಫೋಟೊಗೆ ಬೆನ್ನು ಹಾಕಿ ನಿಂತಿದ್ದರು. ಬೆನ್ನುಗಳ ಮುಂದೆ ಬೆನ್ನುಗಳು.

ಆಮೇಲೆ ಮಿಲ್ಲಿನ ಮಾಲೀಕರನ್ನೇ ಕೇಳಿದೆ, ಆಯುಧಪೂಜೆ ದಿನ ಗೋದಾಮಿನಲ್ಲಿ ಫೋಟೊ ಹಾಕಲಾ ಅಂತ. ಆ ಹೊತ್ತಿಗೆ ಸೀಸನ್ ಇನ್ನೂ ಶುರುವಾಗಿರುವುದಿಲ್ಲ. ಜಿನ್‌ಗಳನ್ನು ಬಿಚ್ಚಿ, ಎಣ್ಣೆ ಹಾಕಿ, ರೋಲರ್ ಬದಲಿಸಿ ಇಟ್ಟಿರುತ್ತಾರೆ. ಗೋದಾಮು ಖಾಲಿ. ಪೂಜೆಗೆ ಕೆಲಸದವರು ಮಕ್ಕಳು-ಮರಿ ಕರೆದುಕೊಂಡು ಬರುತ್ತಾರೆ. "ಕುಂಬಳಕಾಯಿ ಒಡೆಯೋ ಜಾಗ ಬಿಟ್ಟು ಎಲ್ಲೆರ ಹಾಕ್ಕೋರಿ" ಅಂದರು.

ಕಂಬದಿಂದ ಕಂಬಕ್ಕೆ ಬೇಲ್ ಕಟ್ಟುವ ತಂತಿ ಎಳೆದೆ. ಸ್ಟುಡಿಯೊ ಲ್ಯಾಬಿನಲ್ಲಿ ಮ್ಯಾಟ್ ಕಾಗದದ ಮೇಲೆ 12 ಇಂಚು 18 ಇಂಚು ಪ್ರಿಂಟ್ ಹಾಕಿಸಿ, ರಟ್ಟಿಗೆ ಅಂಟಿಸಿ, ಕ್ಲಿಪ್ ಹಾಕಿದೆ. ಗ್ಯಾಲರಿಯಲ್ಲಿ ಚಿತ್ರದ ನಡುಭಾಗ ನೆಲದಿಂದ 57ರಿಂದ 60 ಇಂಚು ಎತ್ತರದಲ್ಲಿ ಇರಬೇಕು ಅನ್ನುವುದು ರೂಢಿ. ನಾನು ಇನ್ನೂ ಕೆಳಗೆ ಇಳಿಸಿದೆ. ನಮ್ಮ ಹೆಂಗಸರ ಎತ್ತರ ನನಗೆ ಗೊತ್ತು. ಶಟರ್ ಪೂರ್ತಿ ಎತ್ತಿದರೆ ಹಗಲಿನ ಬೆಳಕು ಸಾಕು, ಗಾಜಿಲ್ಲದ್ದರಿಂದ ಹೊಳಪಿನ ಕಾಟವೂ ಇಲ್ಲ.

ಮೊದಲು ಮಕ್ಕಳು ನುಗ್ಗಿದವು. ತಮ್ಮ ಅವ್ವನನ್ನು ಹುಡುಕಿದವು. ಬೆನ್ನುಗಳ ಫೋಟೊ ಮುಂದೆ ಜಗಳವೇ ಆಯಿತು. "ಇದು ನಾನು", "ನೀ ಅಲ್ಲ, ಅದು ನನ್ನ ತುರುಬು", "ಆ ಕುಪ್ಪಸ ನಂದು ನೋಡು, ಹೊಲಿಗಿ ಬಿಟ್ಟೈತಿ". ಯಾವ ತೀರ್ಪುಗಾರನೂ ಆ ಫೋಟೊ ಮುಂದೆ ಅಷ್ಟು ಹೊತ್ತು ನಿಂತಿರಲಿಲ್ಲ. ಬೈಗುಳವೂ ಬಂತು. "ಹಿಂಗ್ಯಾಕ ಕರ್ರಗ ತೆಗದೀರಿ? ಕಲರ್ ಇಲ್ಲೇನು?" ಒಬ್ಬಾಕೆ ಪಕ್ಕಕ್ಕೆ ಕರೆದು, ನಮ್ಮ ಮನೆಯವರು ನೋಡಿದರೆ ಸರಿಹೋಗುವುದಿಲ್ಲ, ನನ್ನದು ತೆಗೆದುಬಿಡಿ ಅಂದಳು. ತೆಗೆದೆ. ಅದು ಸರಣಿಯ ಒಳ್ಳೆಯ ಫೋಟೊಗಳಲ್ಲಿ ಒಂದು. ಈಗಲೂ ಎಲ್ಲಿಗೂ ಕಳಿಸುವುದಿಲ್ಲ. ತೆಗೆಯುವಾಗ "ಹೂಂ" ಅಂದವರು ತೂಗುಹಾಕಲೂ "ಹೂಂ" ಅಂದಿದ್ದಾರೆ ಅಂತ ಅಂದುಕೊಳ್ಳಬಾರದು. ಎರಡನ್ನೂ ಬೇರೆ ಬೇರೆ ಕೇಳಬೇಕು. ಮಾರುವುದಿದ್ದರೆ ಮೂರನೇ ಸಲ ಕೇಳಬೇಕು.

ನಾನು ಎಣಿಸದಿದ್ದದ್ದು ಇನ್ನೊಂದು ನಡೆಯಿತು. ವಯಸ್ಸಾದ ಒಬ್ಬ ಹಮಾಲರು ತಂತಿಯ ಉದ್ದಕ್ಕೂ ನಡೆದು ವಾಪಸ್ ಬಂದು, "ಇವು ಉಲ್ಟಾ ಆಗ್ಯಾವಲ್ರಿ" ಅಂದರು. ನಾನು ಚಂದ ಕಂಡಂತೆ ಜೋಡಿಸಿದ್ದೆ. ದೊಡ್ಡ ರಾಶಿಯ ಪಕ್ಕ ಸಣ್ಣ ಕೈ, ಕಪ್ಪಿನ ಪಕ್ಕ ಬಿಳಿ, ಹೀಗೆ. ಅವರಿಗೆ ಕೆಲಸದ ಸಾಲು ಕಂಡಿತು. ಗಾಡಿ ಇಳಿಸುವುದು, ರಾಶಿ ಹಾಕುವುದು, ಕಸ ಆರಿಸುವುದು, ಜಿನ್ನು, ಪ್ರೆಸ್ಸು, ಬೇಲ್. ಆಮೇಲೆ ಇನ್ನೊಬ್ಬರು, "ಇದು ಮುಂಜಾನಿ ಬಿಸಿಲು, ಇದು ಸಂಜಿದು, ಇದನ್ನ ಆಕಡೆ ಹಾಕ್ರಿ" ಅಂದರು. ಕ್ಲಿಪ್ ತೆಗೆದು ತೆಗೆದು ಹಾಕಿದೆ. ಬಿಸಿಲಿನ ಕೋಲಿನ ಫೋಟೊ, ಸಲಾನ್ ದಾಟಿತ್ತಲ್ಲ, ಅದಕ್ಕೆ ಆ ಸಾಲಿನಲ್ಲಿ ಎಲ್ಲೂ ಜಾಗ ಸಿಗಲಿಲ್ಲ. "ಅಂವ ಅಲ್ಲಿ ಸುಮ್ನ ಯಾಕ ನಿಂತಾನ?" ಅಂದರು. ನಿಜ, ನಾನೇ ನಿಲ್ಲಿಸಿದ್ದೆ. ಹೈದರಾಬಾದಿನ ಮೇಜಿನ ಮೇಲೆ ನಾನು ಹರಡಿದ್ದು ಗೋದಾಮಿನ ಸಾಲನ್ನೇ. ರಿವ್ಯೂ ಮಾಡಿದವರು ಎರಡು ಫೋಟೊ ಕಡಿಮೆ ಮಾಡಿದರು, ಸಾಲನ್ನು ಮುಟ್ಟಲಿಲ್ಲ.

ಮಾಲೀಕರಿಗೂ ಒಂದು ಫೋಟೊ ಇಷ್ಟವಾಯಿತು. ಆಫೀಸಿಗೆ ಬೇಕು ಅಂದರು. ಬೇಲ್‌ಗಳ ಸಾಲು, ಜನ ಇಲ್ಲದ್ದು.

ನಮ್ಮ ಕೋಟೆಯ ಗೋಡೆಯಲ್ಲಿ 41 ಅಡಿಗೂ ಉದ್ದದ ಒಂದೇ ಕಲ್ಲು ಇದೆ, 1294ರ ಶಾಸನ ಇರುವುದು. ಅದನ್ನು ಎಲ್ಲರೂ ನೋಡಿರುತ್ತಾರೆ. ಅಲ್ಲೇ ಗೋಡೆಯಲ್ಲಿ ಆ ಕಲ್ಲನ್ನು ಬಂಡಿಯ ಮೇಲೆ ಹೇರಿ ಎಳೆದು ತರುತ್ತಿರುವ ಚಿತ್ರ ಕೊರೆದಿದ್ದಾರೆ, ಅದನ್ನು ನೋಡಿದವರು ಕಡಿಮೆ. ಮುಂದಿನ ಸಲ ಹೋದಾಗ ಹುಡುಕಿ.

ಇನ್ನು ಪ್ರಿಂಟಿನ ಮಾತು. ಇದರ ಬಗ್ಗೆ ಎಷ್ಟು ಬರೆದರೂ ಕಡಿಮೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೊ 6000 ಪಿಕ್ಸೆಲ್ ಅಗಲ, 4000 ಎತ್ತರ. ಇಂಚಿಗೆ 300ರಂತೆ ಹಾಕಿದರೆ 20 ಇಂಚು ಅಗಲ, 13 ಇಂಚು ಎತ್ತರ. ಸ್ವಲ್ಪ ದೂರದಿಂದ ನೋಡುವಂಥದ್ದಾದರೆ 200ಕ್ಕೂ ಇಳಿಸಬಹುದು, 30 ಇಂಚಿನವರೆಗೆ ಹೋಗುತ್ತದೆ. ಲ್ಯಾಬಿನಲ್ಲಿ "ನೋ ಕರೆಕ್ಷನ್" ಅಂತ ಬಾಯಿಬಿಟ್ಟು ಹೇಳಿ. ಇಲ್ಲದಿದ್ದರೆ ಮಷಿನ್ ಎಲ್ಲವನ್ನೂ ಮದುವೆ ಫೋಟೊ ಅಂತ ತಿಳಿದು ಬೆಳಗಿಸಿಬಿಡುತ್ತದೆ. ನನ್ನ ಹತ್ತಿ ಪೂರ್ತಿ ಹೋಯಿತು ಅಂತಲೇ. ಪ್ರಿಂಟಿನಲ್ಲಿ ಅಪ್ಪಟ ಬಿಳಿ ಅಂದರೆ ಶಾಯಿಯೇ ಬೀಳದ ಜಾಗ, ಬರೀ ಕಾಗದ. ಹತ್ತಿಯಲ್ಲಿ ನಾರು ಕಾಣಬೇಕಾದರೆ ತೆಗೆಯುವಾಗಲೇ ಎಕ್ಸ್‌ಪೋಶರ್ ಇಳಿಸಬೇಕು, ಕ್ಯಾಮೆರಾ ತೋರಿಸುವ ಬೆಳಕಿನ ಗ್ರಾಫ್, ಹಿಸ್ಟೊಗ್ರಾಮ್, ಬಲತುದಿಗೆ ಗುದ್ದದಂತೆ. ದೊಡ್ಡದು ಹಾಕಿಸುವ ಮೊದಲು ಅದರದೇ ಒಂದು ತುಂಡನ್ನು ಸಣ್ಣದಾಗಿ ಹಾಕಿಸಿ ಬಿಸಿಲಿನಲ್ಲೂ ಟ್ಯೂಬ್‌ಲೈಟಿನಲ್ಲೂ ನೋಡಿ. ಫ್ಲೆಕ್ಸ್ ಬೇಡವೇ ಬೇಡ. ಅದು ಹುಟ್ಟುಹಬ್ಬದ ಶುಭಾಶಯಕ್ಕೆ ಸರಿ.

ಗ್ಯಾಲರಿಗೆ, ಮಾರಾಟಕ್ಕೆ ಬೇಕಾಗುವುದು ಆರ್ಕೈವಲ್ ಪ್ರಿಂಟ್, ಅಂದರೆ ಬಹುಕಾಲ ಬಾಳುವಂಥದ್ದು. ಪಿಗ್ಮೆಂಟ್ ಶಾಯಿ, ಆಸಿಡ್ ಇಲ್ಲದ ಕಾಗದ. ಅದರಲ್ಲಿ ಹೆಸರಾದದ್ದು ಜರ್ಮನಿಯ ಹಾನೆಮ್ಯೂಲೆ ಕಂಪನಿಯ ಫೋಟೊ ರ‍್ಯಾಗ್, ಚದರ ಮೀಟರಿಗೆ 308 ಗ್ರಾಂ ತೂಕದ್ದು. ಅದು ಪೂರ್ತಿ ಹತ್ತಿಯ ನಾರಿನಿಂದ ಮಾಡಿದ ಕಾಗದ. ಜಿನ್ನಿಂಗ್ ಆದ ಮೇಲೂ ಕಾಳಿಗೆ ಅಂಟಿಕೊಂಡು ಸಣ್ಣ ನಾರು ಉಳಿಯುತ್ತದಲ್ಲ, ಲಿಂಟರ್ ಅಂತಾರೆ, ಇಂಥ ಕಾಗದಗಳನ್ನು ಮಾಡಲು ಅದು ಬಳಕೆಯಾಗುತ್ತದೆ. ಇದು ಗೊತ್ತಾದ ದಿನ ಮಿಲ್ಲಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಪ್ರಿಂಟಿನ ರೇಟು ಕೇಳಿ ಎಲ್ಲರೂ ನಕ್ಕರು.

ಕಟ್ಟು ಹಾಕಿಸುವಾಗ ಫೋಟೊ ಗಾಜಿಗೆ ತಾಗದಂತೆ ನಡುವೆ ಮೌಂಟ್ ಬೋರ್ಡ್ ಹಾಕಿಸಿ. ತಾಗಿದರೆ ಮಳೆಗಾಲದಲ್ಲಿ ಅಂಟಿಕೊಳ್ಳುತ್ತದೆ, ಬಿಡಿಸಲು ಹೋದರೆ ಕಿತ್ತುಬರುತ್ತದೆ. ಹೂಬಳ್ಳಿಯ ಬಂಗಾರದ ಪಟ್ಟಿ ಬೇಡ ಅಂತ ಖಡಕ್ಕಾಗಿ ಹೇಳಿ, ಇಲ್ಲದಿದ್ದರೆ ಪ್ರೀತಿಯಿಂದ ಅದನ್ನೇ ಹಾಕುತ್ತಾರೆ. ಮಾರುವ ಪ್ರಿಂಟಿಗೆ ಎಡಿಷನ್ ನಂಬರ್ ಬರೆಯುವ ರೂಢಿ ಇದೆ. 3/10 ಅಂದರೆ ಹತ್ತರಲ್ಲಿ ಮೂರನೆಯದು. ಹತ್ತು ಅಂದ ಮೇಲೆ ಹನ್ನೊಂದನೆಯದು ಹಾಕಿಸುವಂತಿಲ್ಲ.

ಹುಷಾರಾಗಿರಬೇಕಾದ ಎರಡು ವಿಷಯ. ಯಾವುದೋ ದೇಶದಿಂದ ಮೇಲ್ ಬರುತ್ತದೆ, "ನಿಮ್ಮ ಕೃತಿ ನಮ್ಮ ಗ್ಯಾಲರಿಗೆ ಆಯ್ಕೆಯಾಗಿದೆ" ಅಂತ. ನೀವು ಕಳಿಸಿಯೇ ಇರುವುದಿಲ್ಲ. ಕೆಳಗೆ ಗೋಡೆಯ ಶುಲ್ಕ ಯೂರೋದಲ್ಲಿ ಬರೆದಿರುತ್ತದೆ. ಅಳಿಸಿಬಿಡಿ. ಇನ್ನೊಂದು, ಫ್ರೀ ಸ್ಪರ್ಧೆಗಳ ಷರತ್ತು. "ಬಂದ ಎಲ್ಲ ಫೋಟೊಗಳನ್ನೂ ಯಾವ ಉದ್ದೇಶಕ್ಕಾದರೂ, ಎಷ್ಟು ಕಾಲವಾದರೂ ಬಳಸುತ್ತೇವೆ" ಅಂತ ಇದ್ದರೆ ಅದು ಸ್ಪರ್ಧೆಯಲ್ಲ, ಪುಕ್ಕಟೆ ಫೋಟೊ ಸಂಗ್ರಹ. ಸೋನಿ ವರ್ಲ್ಡ್ ಫೋಟೊಗ್ರಫಿ ಅವಾರ್ಡ್ಸ್, ದುಬೈನ ಹಿಪಾ ಇಂಥ ದೊಡ್ಡ ಸ್ಪರ್ಧೆಗಳಿಗೂ ಎಂಟ್ರಿ ಫೀಸು ಇಲ್ಲ. ಕಳಿಸಿ, ಆದರೆ ಎಲ್ಲದರ ಷರತ್ತನ್ನೂ ಓದಿ ಕಳಿಸಿ.

ದುಡ್ಡಿನ ದಾರಿ ಬೇಕಾದರೆ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ನೋಡಿ. 1993ರಲ್ಲಿ ಶುರುವಾದ ಸಂಸ್ಥೆ, ಕಲೆಯ ಕೆಲಸಗಳಿಗೆ ಅನುದಾನ ಕೊಡುತ್ತದೆ. ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಇಂಗ್ಲಿಷ್ ಬರುವುದಿಲ್ಲ ಅಂತ ಕೈಕಟ್ಟಿ ಕೂತವರಿಗೆ ಇದನ್ನು ಎರಡು ಸಲ ಹೇಳುತ್ತೇನೆ. ಕನ್ನಡದಲ್ಲೇ ಬರೆಯಬಹುದು.

ನಾನೂ ಒಂದು ಬರೆಯುತ್ತಿದ್ದೇನೆ. ಬೇರೆ ಊರಿನ ಮಿಲ್ಲುಗಳ ಗೋದಾಮಿನಲ್ಲಿ, ಆಗುವುದಾದರೆ ಹತ್ತಿ ಮಾರ್ಕೆಟ್ಟಿನ ಹರಾಜು ಕಟ್ಟೆಯ ಮೇಲೆ ಈ ಸಾಲು ಹಾಕಬೇಕು ಅಂತ ಆಸೆ. ಸಿಂಧನೂರಿನ ಹುಡುಗ ಭತ್ತದ ಮಿಲ್ಲಿನ ಫೋಟೊ ತೆಗೆದಿದ್ದಾನೆ. ಅವನಿಗೆ ಹೇಳಿದ್ದು ಇಷ್ಟೇ, ಮೊಬೈಲ್‌ನಲ್ಲಿ ತೋರಿಸಬೇಡ, ಅಗ್ಗದ್ದಾದರೂ ಪ್ರಿಂಟ್ ಹಾಕಿಸಿಕೊಂಡು ಭಾನುವಾರ ಬಾ. ಕ್ಲಿಪ್ಪು, ತಂತಿ ನನ್ನ ಹತ್ತಿರ ಇವೆ.